ಕಪ್ಪು ತಿರುಗಿದ ಕರಡಿಗೆ

ಗ್ಯಾಸಿನ ಪಾತ್ರೆಗೆ ಆಸಿಡ್ ಸುರಿಯುವಾಗ ಮೂಗು ಮುಚ್ಚಿಕೊಳ್ಳುವುದನ್ನು ಶಿವನಂಜಯ್ಯ ಬಿಟ್ಟು ವರ್ಷಗಳೇ ಆಗಿದ್ದವು. ಮೂಗು ಮುಚ್ಚಿಕೊಳ್ಳುವುದು ಕುಂಭಕೋಣದ ಲೆಕ್ಚರರ ಕೆಲಸ; ಅವರು ಕರ್ಚೀಫು ಒತ್ತಿಕೊಂಡು ಬಾಗಿಲಲ್ಲೇ ನಿಂತು, ಆಯ್ತಾ ಆಯ್ತಾ ಎಂದು ತಮಿಳಿನಲ್ಲಿ ಕೇಳುತ್ತಾರೆ, ಒಳಗೆ ಕಾಲಿಟ್ಟರೆ ಎಲ್ಲಿ ತಮ್ಮ ಎಂ.ಎಸ್ಸಿ. ಕರಗಿ ಹೋಗುತ್ತದೋ ಎನ್ನುವ ಹಾಗೆ. ಒಂದರ ಮೇಲೊಂದು ಕೂತ ಮೂರು ಗಾಜಿನ ಬುರುಡೆ, ನಡುವಿನದರಲ್ಲಿ ಕಬ್ಬಿಣ ಗಂಧಕ ಬೆರೆತ ಕರೀ ತುಂಡುಗಳು. ಮೇಲಿನ ಆಸಿಡ್ ಅವಕ್ಕೆ ತಾಕಿದರೆ ಸಾಕು, ಇಡೀ ಲ್ಯಾಬಿಗೆ ಕೊಳೆತ ಮೊಟ್ಟೆಯ ನಾತ. ಆ ಗ್ಯಾಸನ್ನು ಪರೀಕ್ಷೆಗೆ ಕೊಟ್ಟ ಲೋಹದ ಉಪ್ಪಿನ ನೀರಿಗೆ ಹಾಯಿಸಿ, ಏಳುವ ಬಣ್ಣ ನೋಡಿ, ಒಳಗೆ ಯಾವ ಲೋಹ ಇದೆಯೆಂದು ರೇಷ್ಮೆ ಸಾಹುಕಾರರ ಮಕ್ಕಳು ಹೇಳಬೇಕು. ಹೇಳಿದರು ಬಿಡಿ! ಚಿಟಿಕೆ ಸಾಕೆಂದರೆ ಹಿಡಿ ತುಂಬ ಉಪ್ಪು ಸುರಿದುಕೊಂಡು, ಟ್ಯೂಬು ಒಡೆದು, ಚೂರುಗಳನ್ನು ತೊಟ್ಟಿಗೆ ಬಿಸಾಕಿ, ಪಕ್ಕದವನ ಬಣ್ಣವನ್ನೇ ತಮ್ಮ ಬಣ್ಣವೆಂದು ಬರೆದು ಹೋಗುವ ಗಿರಾಕಿಗಳು. ನಾಳೆ ಇವರೇ ಡಾಕ್ಟರುಗಳು, ಇವರೇ ತಾಸಿಲ್ದಾರರು. ದೇಶ ಉದ್ಧಾರವಾದ ಹಾಗೆಯೇ ಎಂದುಕೊಂಡು ಶಿವನಂಜಯ್ಯ ಪಾತ್ರೆಯ ನಲ್ಲಿ ತಿರುಗಿಸಿ ನೋಡಿದ. ಗ್ಯಾಸು ಬುಳುಬುಳು ಬಂತು. ಇವತ್ತಾದರೂ ಇದನ್ನು ಮುಟ್ಟದೆ ಹೆಂಡತಿಯ ತವರು ಹೊನ್ನೂರಿಗೆ ಹೋಗಬಹುದಿತ್ತು. ಅರ್ಧ ದಿನದ ರಜ ಕೇಳಿದ್ದಕ್ಕೆ ಕುಂಭಕೋಣದವರು, ಪಾತ್ರೆ ತುಂಬಿಸಿ, ತೊಳೆಯುವುದೆಲ್ಲ ತೊಳೆದು ಆಮೇಲೆ ಎಲ್ಲಿಗಾದರೂ ಹಾಳಾಗಿ ಹೋಗು ಎಂದಿದ್ದರು.

ಕಳೆದ ಸಂತೆಯ ದಿನ ಹೊನ್ನೂರಿನಿಂದ ಮಾವನ ಗಾಡಿಯಾಳು ಮಹದೇವು ಬೆಲ್ಲದ ಗಾಡಿ ಹೊಡೆದುಕೊಂಡು ಕೊಳ್ಳೇಗಾಲಕ್ಕೆ ಬಂದವನು ನೇರ ಕಾಲೇಜಿನ ಗೇಟಿಗೇ ಬಂದುಬಿಟ್ಟಿದ್ದ. ಶಿವನಂಜಯ್ಯ ಮೇಷ್ಟ್ರನ್ನ ಕಾಣಬೇಕಿತ್ತು ಎಂದು ಅವನು ಕೇಳಿದ್ದು, ಗೇಟಿನ ಜವಾನ ಪುಟ್ಟಮಾದಯ್ಯ ಬೀಡಿ ಕಿವಿಗೆ ಸಿಕ್ಕಿಸಿಕೊಂಡು ನಿಧಾನವಾಗಿ, ಆ ಹೆಸರಿನ ಮೇಷ್ಟ್ರು ಇಲ್ಲಿ ಯಾರೂ ಇಲ್ಲವಲ್ಲಪ್ಪ ಎಂದದ್ದು, ಎರಡೂ ಕಿಟಕಿಯಿಂದ ಕೇಳಿಸಿತು. ಶಿವನಂಜಯ್ಯ ಮೇಲಿನ ಖಾಕಿ ಅಂಗಿಯನ್ನು ಕಿತ್ತೆಸೆದು, ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ಓಡಿದ. ಪುಟ್ಟಮಾದಯ್ಯನ ಬಾಯಿಂದ ಮುಂದಿನ ಮಾತು ಹೊರಡುವ ಮೊದಲೇ ಮಹದೇವುವಿನ ತೋಳು ಹಿಡಿದು ಕಾಫಿ ಹೋಟೆಲಿಗೆ ಎಳೆದುಕೊಂಡು ಹೋದ. ಹೆಣ್ಣು ಕೊಟ್ಟ ಮನೆಯ ಆಳಿನ ಮುಂದೆ ಓಡುವ ಅಳಿಯ! ಆ ಓಟ ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತಿತ್ತು. ಮಹದೇವು ಕಾಫಿಯನ್ನು ಬಸಿಗೆ ಸುರಿದುಕೊಂಡು ಕುಡಿದು ವಿಷಯ ಹೇಳಿದ. ಸೋಮವಾರ ಬರಬೇಕಂತೆ, ಮಠದ ಐನೋರೂ ಬರುತ್ತಾರಂತೆ, ಒಂದು ಮಾತು ಇತ್ಯರ್ಥವಾದ ಮೇಲೆಯೇ ಬಾಣಂತನಕ್ಕೆ ಬಂದ ಅಮ್ಮಾವರನ್ನೂ ಮಗೂನೂ ಕಳಿಸುವುದಂತೆ. ಯಾವ ಮಾತು ಎಂದು ಶಿವನಂಜಯ್ಯ ಕೇಳಲಿಲ್ಲ. ಗೊತ್ತಿತ್ತು. ಮಹದೇವು ಮಾತ್ರ ಲೋಟ ಕೆಳಗಿಟ್ಟು, ಮೂಗನ್ನು ಹೆಗಲ ವಸ್ತ್ರಕ್ಕೆ ಒರೆಸಿಕೊಳ್ಳುವ ನೆಪದಲ್ಲಿ ಒಂದು ಕ್ಷಣ ಮುಖ ಆ ಕಡೆ ತಿರುಗಿಸಿದ.

ತಾನು ಮೇಷ್ಟ್ರು ಎಂದು ಅವನು ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ, ಬೇಕಾದರೆ ಆಣೆ ಇಡಬಹುದು. ಹೆಣ್ಣು ನೋಡಲು ಹೋದಾಗ ಮಧ್ಯಸ್ಥಿಕೆಯವನು, ಹುಡುಗ ಕಾಲೇಜಿನಲ್ಲಿ ಕೆಮಿಸ್ಟ್ರಿ ಎಂದ. ಅಷ್ಟೇ. ಕೆಮಿಸ್ಟ್ರಿ ಅಂದರೆ ಏನು, ಪಾಠ ಹೇಳುವುದೋ ಗಾಜು ತೊಳೆಯುವುದೋ ಎಂದು ಹೊನ್ನೂರಿನ ಗದ್ದೆ ಬಯಲಲ್ಲಿ ಕೇಳುವವರು ಯಾರಿದ್ದರು? ಮಾವ ಸಿದ್ದಮಲ್ಲಪ್ಪ ಕಬ್ಬು, ಭತ್ತ, ತೆಂಗು ಬಿಟ್ಟರೆ ಬೇರೆ ವಿಷಯ ಇದೆಯೆಂದೇ ನಂಬದ ಮನುಷ್ಯ. ಮೇಷ್ಟ್ರಾ ಎಂದು ಕೇಳಿದ. ಇವನು ಎಲೆಯಡಿಕೆಯ ತಟ್ಟೆಯ ಕಡೆ ನೋಡಿ ನಕ್ಕ. ಆ ನಗು ಬೆಳೆದು, ಮದುವೆಯಾಗಿ, ಮೇಷ್ಟ್ರೇ ಮೇಷ್ಟ್ರೇ ಎಂದು ಊರೆಲ್ಲ ಕೂಗುವಂತಾಯಿತು. ಮಾವನ ಜಗಲಿಯಲ್ಲಿ ಕೂತು ಊರವರಿಗೆ ಗಾಳಿಯಲ್ಲಿ ಏನೇನಿದೆ, ನೀರನ್ನು ಒಡೆದರೆ ಏನು ಬರುತ್ತದೆ ಎಂದೆಲ್ಲ ಬಿಟ್ಟಿದ್ದೂ ಉಂಟು. ನೀರನ್ನೇ ಒಡೀತಾರಂತೆ ಎಂದು ಅವರು ಬಾಯಿ ಬಿಟ್ಟಾಗ ಅವನಿಗೆ ಅವರ ಮೇಲೆ ಎಂಥ ತಿರಸ್ಕಾರ ಬಂತೆಂದರೆ, ತಾನು ಇಂಟರ್‌ಮೀಡಿಯೆಟ್ಟಿನಲ್ಲಿ ಅದೇ ಪಾಠದಲ್ಲಿ ಗೋತಾ ಹೊಡೆದದ್ದು ಆ ಹೊತ್ತಿಗೆ ಮರೆತೇ ಹೋಗಿತ್ತು. ಚನ್ನಮಲ್ಲಮ್ಮ ಕೊಳ್ಳೇಗಾಲಕ್ಕೆ ಸಂಸಾರ ಮಾಡಲು ಬಂದ ಹೊಸದರಲ್ಲಿ, ನಿಮ್ಮ ಅಂಗಿ ಯಾಕೆ ಹೀಗೆ ನಾರುತ್ತದೆ ಎಂದು ಕೇಳಿದ್ದಳು. ಅದೆಲ್ಲ ನಿನ್ನ ತಲೆಗೆ ಹತ್ತುವ ವಿಷಯ ಅಲ್ಲ ಎಂದಿದ್ದ. ಅವಳು ಮತ್ತೆ ಕೇಳಲಿಲ್ಲ. ಅಂಟುವಾಳದ ಕಾಯಿ ಹಾಕಿ ಒಗೆದು ಒಗೆದು ಅಂಗಿಯ ಕಾಲರು ಸವೆದುಹೋಯಿತು.

ಎಲ್ಲ ಹಾಳಾದದ್ದು ಮಗುವಿಗೆ ಲಿಂಗ ಕಟ್ಟಿದ ದಿನ. ಬಾಣಂತಿ ಮಂಚದ ಮೇಲೆ, ಮಗು ಅಜ್ಜಿಯ ಮಡಿಲಲ್ಲಿ, ಹೊನ್ನೂರಿನ ಮಠದ ಐನೋರು ಗುರುಪಾದಸ್ವಾಮಿ ಮಣೆಯ ಮೇಲೆ. ತಂದೆಯಾದವನೂ ಪೂಜೆ ಮಾಡಲಿ ಎಂದರು. ಶಿವನಂಜಯ್ಯ ಅಂಗಿ ಬಿಚ್ಚಿ, ಕೊರಳ ದಾರದಿಂದ ಲಿಂಗವಿಡುವ ಬೆಳ್ಳಿಯ ಕರಡಿಗೆ ತೆಗೆದು ಮಣೆಯ ಮೇಲಿಟ್ಟ. ಮನೆಯವರದೆಲ್ಲ ಬೆಳ್ಳಗೆ ಮಿನುಗುತ್ತಿದ್ದ ಕರಡಿಗೆಗಳು. ಅವನದು ಮಾತ್ರ ಬಾಣಲೆಯ ತಳದಷ್ಟು ಕಪ್ಪು. ಮದುವೆಯಲ್ಲಿ ಸಿದ್ದಮಲ್ಲಪ್ಪನೇ ಮಾಡಿಸಿಕೊಟ್ಟ ಕರಡಿಗೆ. ಅತ್ತೆ ಪುಟ್ಟಬಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವನಿಗೆ ಕಾರಣ ಗೊತ್ತಿತ್ತು, ಫಸ್ಟ್ ಇಯರಿನ ಹುಡುಗನಿಗೂ ಗೊತ್ತಿರುತ್ತದೆ: ಆ ಗ್ಯಾಸು ಬೆಳ್ಳಿಗೆ ತಾಕಿದರೆ ಬೆಳ್ಳಿ ಕಪ್ಪಾಗುತ್ತದೆ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಪಟ್ಟಣದ ನೀರು ಸರಿಯಿಲ್ಲ ಎಂದು ಹೇಳಿದ. ಅದೇ ನೀರು ಬಳಸುವ ಚನ್ನಮಲ್ಲಮ್ಮನ ಕರಡಿಗೆ ಪಕ್ಕದಲ್ಲೇ ಬೆಳ್ಳಗಿತ್ತು. ಅಂಥ ಸುಳ್ಳು ಹೇಳುವುದಕ್ಕೂ ಒಂದು ದಡ್ಡತನ ಬೇಕು.

ಪಾತ್ರೆ ತುಂಬಿಸಿ ಹೊರಟವನು ಯಳಂದೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದ. ಜೊತೆಗೆ ಕೂತಿದ್ದ ಹೂವಿನವಳು ಎದ್ದು ಹಿಂದಿನ ಸೀಟಿಗೆ ಹೋದಳು. ಮದರಾಸಿನ ಸರಹದ್ದು ಮುಗಿದು ಮೈಸೂರು ಸೀಮೆ ಶುರುವಾಗುವ ಕಡೆ ಬಸ್ಸು ನಿಂತಿತು, ಯಾವನೋ ಪೊಲೀಸಿನವನು ಹತ್ತಿ ಎಲ್ಲರನ್ನೂ ನೋಡಿ ಇವನ ಹತ್ತಿರ ಬಂದು ಮೂಗು ಸಿಂಡರಿಸಿ ಇಳಿದುಹೋದ. ಇವರನ್ನೆಲ್ಲ ಒಂದು ದೊಡ್ಡ ಟ್ಯೂಬಿಗೆ ಹಾಕಿ ಕಾಯಿಸಿದರೆ ಏನು ಬರುತ್ತದೆ? ಏನೂ ಬರುವುದಿಲ್ಲ, ತಳದಲ್ಲಿ ಒಂದಿಷ್ಟು ಮಣ್ಣು. ಅವನು ಅಂಗೈಯನ್ನು ಮಡಚಿಕೊಂಡ. ಬೆರಳ ತುದಿಗಳಲ್ಲಿ ಒಂದು ಆಸಿಡಿನ ಹಳದಿ, ಇನ್ನೊಂದು ದ್ರಾವಣದ ಕಪ್ಪು; ಕುಂಭಕೋಣದವರ ಬೆರಳಲ್ಲಿ ಸೀಮೆಸುಣ್ಣ ಬಿಟ್ಟರೆ ಬೇರೇನೂ ಇರುವುದಿಲ್ಲ. ಎರಡು ದಿನ ಸ್ನಾನದ ಮನೆಯಲ್ಲಿ ನಿಂಬೆಹಣ್ಣು ಉಜ್ಜಿದ್ದ. ಹೋಗಿರಲಿಲ್ಲ. ಮನೆಯಲ್ಲಿ ಒಲೆ ಹಚ್ಚುವವರಿಲ್ಲದೆ ತಿಂಗಳುಗಳು ಕಳೆದಿದ್ದವು. ಬೆಳಿಗ್ಗೆ ಎದ್ದರೆ ಗೋಡೆಗಳು ಅವನನ್ನು ನೋಡಿ ಸುಮ್ಮನಿರುತ್ತಿದ್ದವು. ಮಗುವಿನ ಮುಖ ನೆನಪಿಗೆ ತರಲು ನೋಡಿದ, ಬರಲಿಲ್ಲ, ಬರೀ ಅದರ ಕೊರಳಿನ ಪುಟ್ಟ ದಾರ ಕಂಡಿತು. ಇವತ್ತು ಕರೆದುಕೊಂಡು ಬರಲಾಗದಿದ್ದರೆ ಇನ್ನು ಕಳಿಸುವುದಿಲ್ಲ. ಅಷ್ಟು ಖಚಿತವಾಗಿ ಗೊತ್ತಿತ್ತು, ಅದಕ್ಕೇ ಸಿಟ್ಟು ಬರುತ್ತಿತ್ತು.

ಹೊನ್ನೂರಿನ ಮನೆಯಲ್ಲಿ ಎಲ್ಲ ತಯಾರಾಗಿಯೇ ಇತ್ತು. ಜಗಲಿಗೆ ಕಂಬಳಿ ಹಾಸಿತ್ತು, ಐನೋರು ಗೋಡೆಗೆ ಒರಗಿ ಕೂತಿದ್ದರು, ಮಾವ ಕಂಬದ ಪಕ್ಕ. ಕೈಕಾಲಿಗೆ ನೀರು ಕೊಟ್ಟರು, ಮಜ್ಜಿಗೆ ಕೊಟ್ಟರು, ಮಳೆ ಬೆಳೆ ಕೇಳಿದರು. ಬಾಗಿಲ ಹಿಂದೆ ಬಳೆಯ ಸದ್ದಾಯಿತು. ಚನ್ನಮಲ್ಲಮ್ಮ ಅಲ್ಲೇ ನಿಂತಿದ್ದಳು. ಶಿವನಂಜಯ್ಯ ಕಂಬಳಿಯ ಅಂಚಿನಲ್ಲಿ ಕೂತ. ಮಾವ ಇನ್ನೂ ಒಳಗೆ ಬನ್ನಿ ಎಂದರೂ ಗಾಳಿ ಬರುವ ಕಡೆಯೇ ಇದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನ ಕೈ ತಾನಾಗಿ ಅಂಗಿಯ ಮೇಲಿಂದ ಕರಡಿಗೆಯನ್ನು ಮುಟ್ಟಿತು. ಐನೋರು ಅದನ್ನು ನೋಡಿದರು.

ಐನೋರು ನಿಧಾನದ ಮನುಷ್ಯ. ಸುತ್ತಿ ಬಳಸಿ ಮಾತು ತಂದರು. ನೀಲಗಿರಿಯ ಕಡೆ ಭಕ್ತರ ಮನೆಗಳಿಗೆ ಹೋದಾಗ ಅಲ್ಲಿ ದೊರೆಗಳ ಬಂಗಲೆಯಲ್ಲಿ ಅಡುಗೆ ಮಾಡಿಕೊಂಡಿದ್ದವನೊಬ್ಬ ಸಿಕ್ಕಿದ್ದನಂತೆ. ದೊರೆಗಳು ಬೆಳ್ಳಿಯ ಚಮಚದಲ್ಲಿ ಎಲ್ಲ ತಿನ್ನುತ್ತಾರಂತೆ, ಮೊಟ್ಟೆ ಒಂದನ್ನು ಮಾತ್ರ ತಿನ್ನುವುದಿಲ್ಲವಂತೆ. ಮೊಟ್ಟೆ ಮುಟ್ಟಿದ ಬೆಳ್ಳಿ ಕಪ್ಪಾಗುತ್ತದಂತೆ. ಮೈಯಲ್ಲಿ ಮೊಟ್ಟೆಯ ನಾತ, ಕೊರಳಲ್ಲಿ ಕಪ್ಪು ಬೆಳ್ಳಿ. ತಾವು ಪಟ್ಟಣದಲ್ಲಿ ಒಬ್ಬರೇ ಇರುವವರು, ಹೋಟೆಲುಗಳು ಎಂಥವು ಎಂದು ಎಲ್ಲರಿಗೂ ಗೊತ್ತು. ಇಷ್ಟು ಹೇಳಿ ಅವರು ಮಾವನ ಕಡೆ ತಿರುಗಿದರು. ಶಿವನಂಜಯ್ಯನಿಗೆ ನಗು ಬಂತು, ಹೊಟ್ಟೆಯ ತಳದಿಂದ ಬಂದ ಕೆಟ್ಟ ನಗು. ಈ ಕಾವಿ ಬಟ್ಟೆಯ ಮುದುಕ ಸಾಹುಕಾರರ ಮಕ್ಕಳಿಗಿಂತ ವಾಸಿ! ವಾಸನೆ: ಕೊಳೆತ ಮೊಟ್ಟೆ. ಬೆಳ್ಳಿಗೆ ಹಿಡಿದಾಗ: ಕಪ್ಪು. ವರ್ಷಗಟ್ಟಲೆ ಹುಡುಗರಿಗೆ ಪರೀಕ್ಷೆ ಮಾಡಲು ಪುಡಿಕೆ ಪುಡಿಕೆ ಉಪ್ಪು ಹಂಚಿದ ಶಿವನಂಜಯ್ಯ ಈಗ ತಾನೇ ಪುಡಿಕೆಯಾಗಿ ಕಂಬಳಿಯ ಮೇಲೆ ಕೂತಿದ್ದ. ಪರೀಕ್ಷೆಯಲ್ಲಿ ತಪ್ಪೇ ಇರಲಿಲ್ಲ. ಮೊಟ್ಟೆಯಲ್ಲಿರುವುದೂ ಅದೇ ಗಂಧಕ, ಪಾತ್ರೆಯಲ್ಲಿರುವುದೂ ಅದೇ. ಇವರನ್ನು ದಡ್ಡರೆಂದು ಹೀಯಾಳಿಸುವ ಸುಖವೂ ಕೈತಪ್ಪಿ ಹೋದದ್ದಕ್ಕೆ ಅವನಿಗೆ ಮೈಯೆಲ್ಲ ಉರಿಯಿತು.

ಆಗ ಮಾವ ಬಾಯಿ ತೆರೆದ. ಸಿದ್ದಮಲ್ಲಪ್ಪ ಜೋರು ಧ್ವನಿಯ ಮನುಷ್ಯ, ಇವತ್ತು ಮಾತ್ರ ಯಾರೋ ಹೇಳಿಕೊಟ್ಟದ್ದನ್ನು ಒಪ್ಪಿಸುವವನ ಹಾಗೆ ಮೆಲ್ಲಗೆ ಮಾತಾಡಿದ.

"ಮೇಷ್ಟ್ರೇ, ನಾವು ಹಳ್ಳಿ ಜನ, ನಮ್ಗೇನ್ ಗೊತ್ತಾಯ್ತದೆ. ಕಾಲೇಜಲ್ಲಿ ಅಂಥ ವಾಸ್ನೆ ಬರೋ ಕೆಲ್ಸ ಏನಾರ ಇದ್ರೂ ಇರ್ಬೋದು. ಇದ್ರೆ ಏಳ್ಬುಡಿ. ನೀವು ಏಳಿದ್ನ ನಂಬ್ತೀವಿ."

ಬಾಗಿಲ ಹಿಂದಿನ ಬಳೆ ಸುಮ್ಮನಾಯಿತು.

ಹೇಳಿಬಿಡಬಹುದಿತ್ತು. ಅಷ್ಟು ಅಗಲವಾಗಿ ಬಾಗಿಲು ತೆರೆದಿತ್ತು. ಇದೆ ಮಾವ, ಒಂದು ಗ್ಯಾಸಿದೆ ಎಂದು ಶುರು ಮಾಡಿದರೆ ಸಾಕು. ಆದರೆ ಶಿವನಂಜಯ್ಯನ ತಲೆ ಮುಂದಿನ ಮಾತುಗಳನ್ನೆಲ್ಲ ಆಗಲೇ ಓಡಿಸಿ ನೋಡುತ್ತಿತ್ತು. ಮೇಷ್ಟ್ರು ಪಾಠ ಹೇಳುತ್ತಾರಲ್ಲ, ಗ್ಯಾಸು ತುಂಬಿಸುವವರು ಯಾರು? ಎಲ್ಲ ಮೇಷ್ಟ್ರುಗಳ ಬೆಳ್ಳಿಯೂ ಹೀಗೆಯೇ? ಮತ್ತೆ ಆ ಬೆರಳೇನು? ಒಂದು ದಾರ ಎಳೆದರೆ ಇಡೀ ಅಂಗಿ ಬಿಚ್ಚುತ್ತದೆ. ಗಾಜು ತೊಳೆಯುವವನು, ಖಾಕಿ ಅಂಗಿಯವನು, ಕುಂಭಕೋಣದವರು ಡೇ ಎಂದು ಕೂಗಿದರೆ ಓಡಿ ಬರುವವನು, ಗೇಟಿನ ಪುಟ್ಟಮಾದಯ್ಯನಿಗಿಂತ ಒಂದೇ ಮೆಟ್ಟಿಲು ಮೇಲಿನವನು. ಈ ಜಗಲಿಯಲ್ಲಿ ನೀರನ್ನು ಒಡೆದವನು! ಪಾಪ ಮಾಡಿದವನಿಗೆ ಈ ಮನೆಯಲ್ಲಿ ಪ್ರಾಯಶ್ಚಿತ್ತ ಉಂಟು, ಐನೋರು ಪಕ್ಕದಲ್ಲೇ ಕೂತಿದ್ದಾರೆ. ತೊಟ್ಟಿಯ ಮುಂದೆ ಕೂತು ತೊಳೆದದ್ದಕ್ಕೆ ಯಾವ ಮಠದಲ್ಲಿ ಪ್ರಾಯಶ್ಚಿತ್ತ ಇದೆ? ಮೊಟ್ಟೆ ತಿಂದ ಮೇಷ್ಟ್ರು ನಾಳೆಯೂ ಮೇಷ್ಟ್ರೇ. ಅವನು ಹುಟ್ಟಿದಾಗಿನಿಂದ ಮೊಟ್ಟೆ ಹೇಗಿರುತ್ತದೆ ಎಂದು ಒಡೆದು ನೋಡಿದವನಲ್ಲ.

"ಕಾಲೇಜಿನಲ್ಲಿ ಅಂಥದ್ದೇನೂ ಇಲ್ಲ ಮಾವ," ಎಂದ. "ತಿಂದೆ. ತಪ್ಪಾಯಿತು."

ಎಷ್ಟು ಸಲೀಸಾಗಿ ಬಂತು! ಒಳಗೆ ಪುಟ್ಟಬಸಮ್ಮ ಶಿವಶಿವಾ ಎಂದು ಅಳತೊಡಗಿದಳು. ಮಾವ ಮಾತ್ರ ದೊಡ್ಡದೊಂದು ಉಸಿರು ಬಿಟ್ಟ. ಅವನ ಮುಖ ಸಡಿಲವಾದದ್ದನ್ನು ಶಿವನಂಜಯ್ಯ ಚೆನ್ನಾಗಿ ನೋಡಿದ. ಈ ಜನಕ್ಕೆ ಬೇಕಾದದ್ದು ಇದೇ. ಓದಿದವನು ಕೆಡುತ್ತಾನೆ ಎಂದು ಅವರು ಮೊದಲೇ ಬರೆದಿಟ್ಟುಕೊಂಡ ಉತ್ತರ, ಅದಕ್ಕೆ ಇವನು ಬಂದು ಒಪ್ಪಿಗೆಯ ರುಜು ಹಾಕಿದ್ದಾನೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ. ಎಳೇ ವಯಸ್ಸು, ಪಟ್ಟಣವಾಸ, ಮನೆಯಲ್ಲಿ ಹೆಂಗಸಿಲ್ಲ ಎಂದು ಮಾವನೇ ಅವನ ಪರವಾಗಿ ಮಾತಾಡಿದ. ಬಾವಿಯ ಕಟ್ಟೆಯಲ್ಲಿ ಉಟ್ಟ ಬಟ್ಟೆಯಲ್ಲೇ ನೀರು ಹುಯ್ದರು. ಹಣೆಗೆ, ಎದೆಗೆ, ತೋಳಿಗೆ ವಿಭೂತಿ ಬಳಿದರು. ಐನೋರ ಪಾದ ತೊಳೆದ ನೀರು ಅಂಗೈಗೆ ಬಿತ್ತು, ಕುಡಿದ. ಲಿಂಗ ಕೈಯಲ್ಲಿ ಹಿಡಿದು ತಪ್ಪಾಯಿತು ತಪ್ಪಾಯಿತು ಎಂದು ಹೇಳಿಸಿದರು, ಹೇಳಿದ. ಇದು ಆಣೆ, ಇದು ನಿಜವಾದ ಸುಳ್ಳು, ನಗುವಿನಲ್ಲಿ ಹೇಳಿದ ಸುಳ್ಳಿನಂಥದಲ್ಲ ಎಂದು ಹೇಳುವಾಗಲೇ ಗೊತ್ತಾಯಿತು. ಐನೋರು ಕರಡಿಗೆಯನ್ನು ತೆಗೆದುಕೊಂಡು ಒದ್ದೆ ವಿಭೂತಿ ಹಚ್ಚಿ ಹೆಬ್ಬೆರಳಿನಿಂದ ತಿಕ್ಕಿದರು. ಕಪ್ಪು ಬಿಟ್ಟುಕೊಂಡಿತು. ಬೆಳ್ಳಿ ಹೊಳೆಯಿತು. ನೋಡ್ದಾ ಶಿವನ ಮಹಿಮೆ ಎಂದು ಪುಟ್ಟಬಸಮ್ಮ ಕೈಮುಗಿದಳು. ಬೂದಿಯಲ್ಲಿ ತಿಕ್ಕಿದರೆ ಮಸಿ ಹಿಡಿದ ಸೌಟೂ ಹೊಳೆಯುತ್ತದಮ್ಮ ಎನ್ನಬೇಕೆಂದು ಬಾಯಿಗೆ ಬಂತು. ಅವನೂ ಕೈಮುಗಿದ.

ಊಟಕ್ಕೆ ಹೋಳಿಗೆ ಮಾಡಿದ್ದರು. ಇತ್ಯರ್ಥವಾಗದಿದ್ದರೆ ಆ ಹೋಳಿಗೆ ಏನು ಮಾಡುತ್ತಿದ್ದರೋ. ಮಾವ ಎದುರು ಕೂತು ಬಲವಂತ ಮಾಡಿ ತುಪ್ಪ ಹಾಕಿಸಿದ. ಇನ್ನು ಮೇಲೆ ಮನೆಯೂಟ ತಪ್ಪಿಸಬೇಡಿ ಮೇಷ್ಟ್ರೇ ಎಂದ. ಮೇಷ್ಟ್ರೇ! ಗೆದ್ದೆ ಎಂದುಕೊಂಡ ಶಿವನಂಜಯ್ಯ. ಗಾಡಿ ಕಟ್ಟಿಸಿದರು. ಅಕ್ಕಿ, ಬೆಲ್ಲ, ತೆಂಗಿನಕಾಯಿ, ಮಗುವಿನ ತೊಟ್ಟಿಲು ಹತ್ತಿದವು. ಚನ್ನಮಲ್ಲಮ್ಮ ತಾಯಿಯ ಕಾಲು ಮುಟ್ಟಿ, ತಂದೆಯ ಕಾಲು ಮುಟ್ಟಿ, ಐನೋರ ಕಾಲು ಮುಟ್ಟಿ ಗಾಡಿ ಹತ್ತಿದಳು. ಅವಳ ಕಣ್ಣು ಒದ್ದೆಯಾಗಿರಲಿಲ್ಲ. ತವರು ಬಿಡುವ ಹೆಣ್ಣು ಅಳಬೇಕು ಎಂದು ಅವನಿಗೆ ಅನ್ನಿಸಿತು.

ಯಳಂದೂರಿನ ಬಸ್ ನಿಲ್ಲುವ ಹುಣಸೆಮರದ ಬುಡದಲ್ಲಿ ಮಹದೇವು ಸಾಮಾನು ಇಳಿಸಿ ಎತ್ತುಗಳಿಗೆ ನೀರು ಕುಡಿಸಿಕೊಂಡು ಬರುತ್ತೇನೆಂದು ಕೆರೆಯ ಕಡೆ ಹೋದ. ಚನ್ನಮಲ್ಲಮ್ಮ ಬೇರಿನ ಮೇಲೆ ಕೂತಳು. ಮಗು ಮಡಿಲಲ್ಲಿ ನಿದ್ದೆ ಹೋಗಿತ್ತು. ಶಿವನಂಜಯ್ಯನಿಗೆ ಈಗ ಉದಾರವಾಗಬೇಕು ಅನ್ನಿಸಿತು. ಮೊಟ್ಟೆ ಗಿಟ್ಟೆ ಎಲ್ಲ ಸುಳ್ಳು ಕಣೆ, ನಿಮ್ಮಪ್ಪನ ಸಮಾಧಾನಕ್ಕೆ ಹೇಳಿದೆ, ಅವರಿಗೆಲ್ಲ ತಿಳಿಸಿ ಹೇಳುವುದಕ್ಕೆ ಆಗುತ್ತದೆಯೇ ಎಂದು ನಕ್ಕ.

"ಗೊತ್ತು," ಎಂದಳು.

ಏನು ಗೊತ್ತು ಎಂದು ಕೇಳಿದ. ಅವಳು ಮಗುವಿನ ಮುಖದ ಮೇಲಿನ ನೊಣ ಓಡಿಸಿ, ತುಂಬ ಹಳೆಯ ಸುದ್ದಿಯೊಂದನ್ನು ಹೇಳುವವಳ ಹಾಗೆ ಹೇಳಿದಳು.

"ನಾನು ಕೊಳ್ಳೇಗಾಲಕ್ಕೆ ಬಂದ ವರ್ಸ, ಒಂದಿನ ಬುತ್ತಿ ಮರ್ತು ಓಗಿದ್ರಿ. ತಕಂಡು ಬಂದೆ. ಗೇಟಲ್ಲಿ ಯಾರೂ ಇರ್ನಿಲ್ಲ, ಕಿಟಕೀಲಿ ನೋಡ್ದೆ. ತೊಟ್ಟಿ ಮುಂದೆ ಕುಕ್ಕರುಗಾಲಲ್ಲಿ ಕೂತು ಗಾಜು ತೊಳೀತಿದ್ರಿ. ಕೋಟಿನೋರು ಬಾಗ್ಲಲ್ಲಿ ನಿಂತ್ಕಂಡು ಬೈಯ್ತಿದ್ರು. ಈ ನಾತ ಅಲ್ಲಿ ಹೊಡೀತಿತ್ತು. ನಾನು ಕಂಡ್ರೆ ನಿಮ್ಗೆ ಬೇಜಾರಾಯ್ತದೆ ಅಂತ ಬುತ್ತಿ ತಿರ್ಗ ಮನೆಗೆ ತಕಂಡೋದೆ."

ಆ ದಿನ ಅವನಿಗೆ ನೆನಪಿತ್ತು. ಹಸಿದು ಮನೆಗೆ ಬಂದು, ಮರೆತದ್ದನ್ನು ತಂದುಕೊಡುವಷ್ಟು ಬುದ್ಧಿಯೂ ಇಲ್ಲ, ಹಳ್ಳಿ ಮುಕ್ಕ ಎಂದು ಬೈದಿದ್ದ. ಅವಳು ತಲೆ ತಗ್ಗಿಸಿಕೊಂಡು ಅನ್ನ ಬಡಿಸಿದ್ದಳು. ಇಷ್ಟು ವರ್ಷ ಅವನು ಮಲಗಿದ ಹಾಸಿಗೆಯಲ್ಲಿ ಮಲಗಿ, ಅವನ ಕೆಮಿಸ್ಟ್ರಿ ಕೇಳಿ, ಅಂಗಿಗೆ ಅಂಟುವಾಳ ಹಾಕಿದ ಹೆಂಗಸು ಎಲ್ಲ ತಿಳಿದುಕೊಂಡೇ ಸುಮ್ಮನಿದ್ದಳು. ಅವನಿಗೆ ಮೊದಲು ಬಂದದ್ದು ಸಿಟ್ಟು. ಮತ್ತೆ ನಿಮ್ಮಪ್ಪನಿಗೆ ನೀನೇ ಹೇಳಬಹುದಿತ್ತಲ್ಲ, ನನ್ನನ್ನು ಬಾವಿಕಟ್ಟೆಯಲ್ಲಿ ನೆನೆಸುವ ಮೊದಲು ಎಂದ.

"ನಾನು ಏಳಿದ್ರೆ ನಿಮ್ಮ ಮರ್ವಾದೆ ಓಯ್ತಿತ್ತು. ನೀವೇ ಏಳ್ಲಿ ಅಂತ ಬುಟ್ಟೆ. ಕಾಲೇಜಲ್ಲಿ ಅಂಥ ಕೆಲ್ಸ ಏನಾರ ಅದಾ ಕೇಳಪ್ಪಯ್ಯ, ಕೇಳಿದ್ರೆ ಏಳ್ತಾರೆ ಅಂತ ಅಪ್ಪಯ್ಯಂಗೆ ಏಳ್ಕೊಟ್ಟೋಳು ನಾನೇ. ಬಾಗ್ಲ ಇಂದ್ಗಡೆ ಉಸುರು ಇಡ್ಕಂಡು ನಿಂತಿದ್ದೆ."

ಕೊಳ್ಳೇಗಾಲದ ಬಸ್ಸು ದೂರದಲ್ಲಿ ಧೂಳೆಬ್ಬಿಸಿಕೊಂಡು ಬರುತ್ತಿತ್ತು. ಕೊನೆಗೆ, ತಾನು ಕೇಳುವುದೇ ಬೇಡವೆಂದುಕೊಂಡದ್ದನ್ನೇ ಕೇಳಿದ.

"ಅವತ್ತು ನನ್ನನ್ನು ಹಾಗೆ ನೋಡಿ ನಿನಗೆ ನಾಚಿಕೆ ಆಗಲಿಲ್ಲವಾ?"

ಚನ್ನಮಲ್ಲಮ್ಮ ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದಳು.

"ಅವತ್ತು ಆಗ್ನಿಲ್ಲ," ಎಂದಳು. "ಇವತ್ತು ಆಯ್ತು."